ನೀರು ಬಿಡುವ ಮುಂಚೆ ಕಾಲುವೆ ನೋಡಬೇಕು

ದೇವಸುಗೂರಿನ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ



ನನಗೆ ಕೊಟ್ಟ ವಿಷಯ ‘ಕಾಯಕ ಮತ್ತು ಇಂದಿನ ಶಿಕ್ಷಣ’. ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕಾಲುವೆ ಕಾದವನು. ಶಾಸ್ತ್ರ ಹೇಳುವಷ್ಟು ಓದಿದವನಲ್ಲ. ಅದಕ್ಕೆ ಕಳೆದ ಒಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನಮ್ಮ ಸೊಸೆ ನರ್ಸ್ ಪ್ರಾಕ್ಟೀಷನರ್ ಕೋರ್ಸಿನ ಮೊದಲ ವರ್ಷಕ್ಕೆ ಸೇರಿದ್ದಾಳೆ. ಸೇರುವ ಮುಂಚೆ ಎಂಟು ತಿಂಗಳು ತಯಾರಿ ನಡೆಯಿತು. ಆ ತಯಾರಿ ಆಕೆಯದಷ್ಟೇ ಆಗಿರಲಿಲ್ಲ, ನಮ್ಮದೂ ಆಗಿತ್ತು.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಏಳು ವರ್ಷದ ಹಿಂದೆ ಮಾನ್ವಿ ಕಡೆಯ ಹಳ್ಳಿಗೆ ಹೆಣ್ಣು ನೋಡಲು ಹೋದಾಗ ನಾನು ಕೇಳಿದ ಮೊದಲ ಪ್ರಶ್ನೆ, “ಲಗ್ನ ಆದ ಮ್ಯಾಲ ಹುಡುಗಿ ಕೆಲಸ ಬಿಡ್ತಾಳೇನ್ರಿ?” ಬೀಗರು ಸುಮ್ಮನೆ ಕುಳಿತರು. ಒಳಗಿನಿಂದ ಹುಡುಗಿಯೇ “ಇಲ್ರಿ” ಅಂದಳು. ಆ ಒಂದು ಮಾತು ನನ್ನ ಮಗನಿಗೆ ಹಿಡಿಸಿತು, ಲಗ್ನ ಆಯಿತು. ಆದರೆ ಮುಂದೆ ಐದು ವರ್ಷ ಮದುವೆ ಮುಂಜಿಗಳಲ್ಲಿ ಯಾರಾದರೂ ಕೇಳಿದರೆ ನಾನು “ಸೊಸಿ ರಾಯಚೂರಾಗ ದವಾಖಾನ್ಯಾಗ ಕೆಲಸ ಮಾಡ್ತಾಳ” ಅನ್ನುತ್ತಿದ್ದೆ. ನರ್ಸ್ ಎಂಬ ಪದ ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಡಾಕ್ಟರ್ ಆಗಿದ್ದರೆ ಕೇಳದಿದ್ದರೂ ಮೂರು ಸಲ ಹೇಳುತ್ತಿದ್ದೆ. ಇದೇ ಸಭೆಯಲ್ಲಿ ಕಾಯಕದ ಮೇಲೆ ನಾನು ಎರಡು ಸಲ ಮಾತಾಡಿದ್ದೇನೆ, ಕೆಲವರಿಗೆ ನೆನಪಿರಬಹುದು. ಪರರ ಮಲಮೂತ್ರ ಬಳಿಯುವ ಕೈ ನಮ್ಮ ಮನೆಯಲ್ಲೇ ಇದೆ ಎಂದು ಹೇಳಲು ನಾಚಿದವನ ಮಾತನ್ನು ನೀವು ಚಪ್ಪಾಳೆ ತಟ್ಟಿ ಕೇಳಿದಿರಿ.

ಆ ನಾಚಿಕೆ ಹೋದದ್ದು ಒಂದು ರಾತ್ರಿಯಲ್ಲಿ. ನಮ್ಮ ಅಣ್ಣನಿಗೆ ಕಿಡ್ನಿ ತೊಂದರೆ. ಒಂದು ಆಸ್ಪತ್ರೆಯಲ್ಲಿ ಸೇರಿಸಿದ್ದೆವು, ಹೆಸರು ಬೇಡ. ಸೊಸೆಗೆ ಅಂದು ರಜೆ, ಮನೆಯವಳಾಗಿ ಪಕ್ಕದಲ್ಲಿ ಕುಳಿತಿದ್ದಳು. ನಡುರಾತ್ರಿ ಮಾನಿಟರ್ ನೋಡಿ ಎದ್ದು ನಿಂತಳು. ಗೆರೆಯ ಒಂದು ಅಲೆ ಗುಡಾರದ ಹಾಗೆ ಚೂಪಾಗಿ ಏಳುತ್ತಿತ್ತು. ಕಿಡ್ನಿ ಕೆಲಸ ಬಿಟ್ಟಾಗ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಡ್ಯೂಟಿ ನರ್ಸಿಗೆ ಹೇಳಿದಳು. ಅವರು ಡಾಕ್ಟರಿಗೆ ಫೋನ್ ಹಚ್ಚಿದರು, ಹಚ್ಚುತ್ತಲೇ ಇದ್ದರು. ನಲವತ್ತು ನಿಮಿಷ. ಆಮೇಲೆ ಡಾಕ್ಟರ್ ಬಂದರು, ಕ್ಯಾಲ್ಸಿಯಂ ಕೊಟ್ಟರು, ಇನ್ಸುಲಿನ್ ಜತೆ ಗ್ಲುಕೋಸ್ ಕೊಟ್ಟರು, ಬೆಳಗ್ಗೆ ಡಯಾಲಿಸಿಸ್ ಆಯಿತು. ಅಣ್ಣ ಉಳಿದ.

ಮರಳಿ ಬರುವಾಗ ಬಸ್ಸಿನಲ್ಲಿ ಆಕೆ ಹೇಳಿದ್ದು ಇಷ್ಟು: “ಮಾವ, ಏನೋ ತಪ್ಪಾಗಾಕತ್ತೈತಿ ಅಂತ ನನಗ ಗೊತ್ತಾತು. ಯಾಕ ಅಂತ ಪೂರಾ ಹೇಳಾಕ ಬರ್ತಿದ್ದಿಲ್ಲ. ಮಾಡಾಕ ಅಧಿಕಾರನೂ ಇದ್ದಿಲ್ಲ.” ಶಕ್ತಿನಗರದ ಚಿಮಣಿಗಳು ಕಾಣುವವರೆಗೆ ಇಬ್ಬರೂ ಮಾತಾಡಲಿಲ್ಲ.

ಆ ಮೇಲೆ ತಿಂಗಳೊಳಗೆ ಈ ಕೋರ್ಸಿನ ಮಾತು ತೆಗೆದಳು. ಹಿಂದಿನ ಸಾಲಿನ ಮಕ್ಕಳಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ಇದರ ಮೂಲ ಅಮೆರಿಕ. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಶುರು ಮಾಡಿದರು. ನಮ್ಮಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ 2017ರ ಸುಮಾರಿಗೆ ತೀವ್ರ ನಿಗಾ ಘಟಕದ ನರ್ಸುಗಳಿಗಾಗಿ ಇಂಥ ಸ್ನಾತಕೋತ್ತರ ಕೋರ್ಸು ತಂದಿತು. ಅವಧಿ 2 ವರ್ಷ. ಬಿ.ಎಸ್ಸಿ. ನರ್ಸಿಂಗ್ ಮುಗಿದಿರಬೇಕು, ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಇರಬೇಕು, ಕನಿಷ್ಠ 1 ವರ್ಷ ಕೆಲಸ ಮಾಡಿರಬೇಕು. ಕ್ಲಾಸಿನ ಪಾಠ ಕಡಿಮೆ, ಹೆಚ್ಚಿನ ಕಲಿಕೆ ಐಸಿಯು ಒಳಗೆ, ರೋಗಿಯ ಪಕ್ಕದಲ್ಲೇ. ಇಲ್ಲೇ ತೊಡಕು ಇರುವುದು. ಕಾಲೇಜು ಶುರುವಾದ ಮೇಲೆ ಕುಳಿತು ಓದುತ್ತೇನೆ ಅಂದರೆ ಹೊತ್ತೇ ಸಿಗುವುದಿಲ್ಲ.

ಇದು ನನಗೆ ಬೇಗ ತಿಳಿಯಿತು, ಯಾಕೆಂದರೆ ನನ್ನ ಕಾಯಕವೂ ಇದೇ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನಾವು ಏನೂ ಮಾಡಲಾಗದು. ಹೂಳು ತೆಗೆಯುವುದು, ಲೈನಿಂಗ್ ಒಡಕು ಮುಚ್ಚುವುದು, ಗೇಟಿಗೆ ಗ್ರೀಸ್ ಹಚ್ಚುವುದು, ಎಲ್ಲ ನೀರು ನಿಂತಿರುವ ಆ ಕೆಲವು ತಿಂಗಳಲ್ಲೇ ಮುಗಿಯಬೇಕು. ಹರಿಯುವ ನೀರಿನಲ್ಲಿ ಕಲ್ಲು ಕಟ್ಟಲು ಬರುವುದಿಲ್ಲ. “ಎಲ್ಲಿ ಒಡಕೈತಿ ಅದನ್ನ ಮೊದಲು ಹೇಳವ್ವ” ಅಂದೆ. ಆಕೆ ಮೂರು ಕಡೆ ತೋರಿಸಿದಳು: ಲೆಕ್ಕ, ಶರೀರಕ್ರಿಯೆ, ರೋಗಿಯನ್ನು ಮುಟ್ಟಿ ನೋಡುವ ಅಭ್ಯಾಸ. ಮೊದಲ ವರ್ಷದಲ್ಲಿ ಔಷಧಶಾಸ್ತ್ರ, ರೋಗ ಹುಟ್ಟುವ ಬಗೆ, ದೇಹ ತಪಾಸಣೆ ಇವೇ ಮುಖ್ಯ. ಹಾಗಾಗಿ ಒಡಕು ಸರಿಯಾಗಿ ಗುರುತಿಸಿದ್ದಳು.

ಲೆಕ್ಕಕ್ಕೆ ನಾನೇ ಮೇಷ್ಟ್ರಾದೆ. ರಾತ್ರಿ ಊಟ ಆದ ಮೇಲೆ ದಿನಕ್ಕೆ ಐದು ಲೆಕ್ಕ, ಕ್ಯಾಲ್ಕ್ಯುಲೇಟರ್ ಇಲ್ಲದೆ. ಒಂದನ್ನು ಕೇಳಿ. ರಕ್ತದ ಒತ್ತಡ ಕುಸಿದಾಗ ಕೊಡುವ ನಾರ್‌ಅಡ್ರಿನಲಿನ್, 50 ಮಿ.ಲೀ. ಸಿರಿಂಜಿನಲ್ಲಿ 4 ಮಿ.ಗ್ರಾಂ. ಅಂದರೆ ಒಂದು ಮಿ.ಲೀ.ಗೆ 80 ಮೈಕ್ರೋಗ್ರಾಂ. ರೋಗಿಯ ತೂಕ 50 ಕೆ.ಜಿ. ಬರೆದ ಪ್ರಮಾಣ ಕೆ.ಜಿ.ಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ. ಹಾಗಾದರೆ ನಿಮಿಷಕ್ಕೆ 5, ಗಂಟೆಗೆ 300 ಮೈಕ್ರೋಗ್ರಾಂ. 300ನ್ನು 80ರಿಂದ ಭಾಗಿಸಿ, ಪಂಪು ಗಂಟೆಗೆ 3.75 ಮಿ.ಲೀ. ಓಡಬೇಕು. ಮೊದಲ ವಾರ ಆಕೆಯ ಉತ್ತರ ಒಮ್ಮೆ 37.5 ಬಂತು. ಬಿಂದು ಒಂದೇ ಮನೆ ಸರಿದಿತ್ತು. ಇಬ್ಬರೂ ಆ ಕಾಗದ ನೋಡುತ್ತ ಕುಳಿತೆವು. ನನ್ನ ಕೆಲಸದಲ್ಲಿ ಬಿಂದು ಸರಿದರೆ ಮೇಲಧಿಕಾರಿ ಕಡತ ವಾಪಸ್ ಕಳಿಸುತ್ತಿದ್ದರು, ಅಷ್ಟೇ. ಎರಡು ತಿಂಗಳ ನಂತರ ನಾನು ಪೆನ್ನಿನ ಮುಚ್ಚಳ ತೆಗೆಯುವುದರೊಳಗೆ ಉತ್ತರ ಹೇಳುತ್ತಿದ್ದಳು.

ಶರೀರಕ್ರಿಯೆಗೆ ಹೊಸ ದಪ್ಪ ಪುಸ್ತಕ ಕೊಳ್ಳಬೇಡ, ಬಿ.ಎಸ್ಸಿ. ಮೊದಲ ವರ್ಷದ ಹಳೆಯ ಪುಸ್ತಕವನ್ನೇ ತೆಗೆ ಅಂದೆ. ದಿನಕ್ಕೆ ಒಂದು ಅಂಗ. ಓದಿದ್ದನ್ನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅತ್ತೆಗೆ ಕನ್ನಡದಲ್ಲಿ ಹೇಳಬೇಕು. ಅತ್ತೆಗೆ ತಿಳಿಯದಿದ್ದರೆ ಆಕೆಗೂ ತಿಳಿದಿಲ್ಲ ಎಂದೇ ಲೆಕ್ಕ. ನಮ್ಮ ಮನೆಯವರು ಈಗ ಕಿಡ್ನಿಯ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುತ್ತಾರೆ.

ಮುಟ್ಟಿ ನೋಡುವುದೇ ಕಷ್ಟದ ಪಾಠವಾಯಿತು. ಐಸಿಯುನಲ್ಲಿ ಯಂತ್ರ ಹೇಳಿದ್ದನ್ನು ಬರೆದುಕೊಳ್ಳುವ ರೂಢಿ ಬಿದ್ದಿತ್ತು, ಕಿವಿ ಬೆರಳು ಜಂಗು ಹಿಡಿದಿದ್ದವು. ಅತ್ತೆಯ ಎದೆ, ಮಗುವಿನ ಎದೆ, ಗಂಡನ ಎದೆ ಎಲ್ಲ ಕೇಳಿದಳು. ನನ್ನ ಹತ್ತಿರ ಬರಲು ಹಿಂಜರಿದಳು. ನಮ್ಮ ಕಡೆ ಸೊಸೆ ಮಾವನ ಮುಂದೆ ಸೆರಗು ಹೊದ್ದು ದೂರ ನಿಲ್ಲುತ್ತಾಳೆ, ಮೈ ಮುಟ್ಟುವ ಮಾತೆಲ್ಲಿ? ಕಡೆಗೆ ನಾನೇ ಅಂಗಿಯ ಗುಂಡಿ ಬಿಚ್ಚಿ, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಪಕ್ಕಕ್ಕೆ ಹಿಡಿದು ಕುಳಿತೆ. ಅರವತ್ತು ದಾಟಿದ ಎದೆ ಹೇಗೆ ಕೇಳುತ್ತದೆ ಎಂಬುದು ಆಕೆಗೆ ಬೇಕಿತ್ತು. ಆಮೇಲೆ ಓಣಿಯ ಹಿರಿಯರೂ ಬಂದು ಕುಳಿತರು. ಬೀಡಿ ಸೇದಿ ಸೇದಿ ದಮ್ಮು ಹತ್ತಿದ ಒಬ್ಬರ ಎದೆಯಲ್ಲಿ ಸೀಟಿ ಊದಿದ ಸಪ್ಪಳ, ಇನ್ನೊಬ್ಬರ ಎದೆಯ ಕೆಳಗೆ ಕಿವಿಯ ಹತ್ತಿರ ಕೂದಲು ತಿಕ್ಕಿದಂಥ ಸಪ್ಪಳ. ಆ ಎರಡನೆಯವರನ್ನು ಮರುದಿನವೇ ಡಾಕ್ಟರ ಹತ್ತಿರ ಕಳಿಸಿದಳು.

ನಡುವೆ ಒಂದು ಮಾತು. ಆಕೆ ಓದುವಾಗ ತಿಳಿದದ್ದು, ಮೂವತ್ತನಾಲ್ಕು ವರ್ಷ ನೀರಾವರಿಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಆದರೂ ನಮ್ಮ ದೇಶದ ಬರಗಾಲದ ಬಗ್ಗೆ, ಕಾಲುವೆಗಳ ಬಗ್ಗೆ ವರ್ಷಗಟ್ಟಲೆ ಬರೆದರು. ಗೋದಾವರಿಗೆ ಅಣೆಕಟ್ಟು ಕಟ್ಟಿದ ಎಂಜಿನಿಯರ್ ಆರ್ಥರ್ ಕಾಟನ್ ಅವರ ಪರವಾಗಿ ವಾದಿಸಿದರು. ಸೊಸೆ ಇದನ್ನು ಓದಿ, “ನಿಮ್ಮ ಇಲಾಖಿಗೂ ನಮ್ಮೋರೇ ಬೇಕಾಗಿತ್ರಿ” ಅಂದಳು.

ಇನ್ನು ಮನೆಯ ವಿಚಾರ. ಮಗುವಿಗೆ ನಾಲ್ಕು ವರ್ಷ. ಮಗನದು ಶಕ್ತಿನಗರದಲ್ಲಿ ಪಾಳಿ ಕೆಲಸ. ಕಾಲೇಜು ರಾತ್ರಿ ರೈಲಿನ ದೂರ. “ಕೂಸು ಬಿಟ್ಟು ಹೋದ್ಲು ಅಂತ ಊರೆಲ್ಲ ಆಡ್ಕೋತೈತಿ” ಎಂದು ನಮ್ಮ ಮನೆಯವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಸೊಸೆಯನ್ನು ಕೇಳಿದರು, “ಅಲ್ಲಿ ರಾತ್ರಿ ಪಾಳಿ ಇದ್ದಾಗ ನಿನಗ ಊಟ ಯಾರು ಹಾಕ್ತಾರ?” ನಾನು ಎದ್ದು ಹೊರಗೆ ಹೋದೆ. ಒಪ್ಪಿಗೆ ಸಿಕ್ಕಿತ್ತು.

ಆದರೆ ಒಪ್ಪಿಗೆ ಸಿಕ್ಕರೆ ಸಾಲದು, ಗೇಟು ಒತ್ತಡ ತಡೆಯುತ್ತದೋ ಪರೀಕ್ಷೆ ಮಾಡಬೇಕು. ಸೊಸೆ ಒಂದು ವಾರ ರಾಯಚೂರಿನಲ್ಲಿ ಗೆಳತಿಯ ಮನೆಯಲ್ಲಿದ್ದು ಅಲ್ಲಿಂದಲೇ ಡ್ಯೂಟಿಗೆ ಹೋಗಲಿ ಎಂದೆ. ಮೂರನೆಯ ರಾತ್ರಿ ಮಗು ಹನ್ನೊಂದರವರೆಗೆ ಅತ್ತಿತು, ಅಜ್ಜಿಯೂ ಅತ್ತಳು, ಬೆಳಗಿನ ಮೊದಲ ಬಸ್ಸಿಗೆ ತಾಯಿ ಬಾಗಿಲಲ್ಲಿ. ಪರೀಕ್ಷೆ ಫೇಲು. ಎರಡು ತಿಂಗಳು ಬಿಟ್ಟು ಮತ್ತೆ ಮಾಡಿದೆವು. ಆ ಹೊತ್ತಿಗೆ ಮಗು ಅಪ್ಪನ ಪಕ್ಕ ಮಲಗುವುದು ಕಲಿತಿತ್ತು, ಮಗ ತಲೆ ಬಾಚಿ ಜಡೆ ಹಾಕುವುದು ಕಲಿತಿದ್ದ. ರಾತ್ರಿ 8ಕ್ಕೆ ಫೋನ್ ಎಂದು ನಿಗದಿಯಾಯಿತು. ಈ ಸಲ ಎರಡು ವಾರ ನಡೆಯಿತು.

ದುಡ್ಡಿನ ಬಗ್ಗೆ ಮುಚ್ಚಿಡುವುದಿಲ್ಲ. ನಿವೃತ್ತಿಯ ಹಣದಲ್ಲಿ ಮೇಲೊಂದು ಅಂತಸ್ತು ಕಟ್ಟಬೇಕೆಂದಿದ್ದೆ. ಕಂಬಿಗಳು ಮಾಳಿಗೆಯ ಮೇಲೆ ಹಾಗೇ ನಿಂತಿವೆ. ನೀವು ಗುಡಿಯ ಕಡೆ ಹೋಗುವಾಗ ನೋಡಿರಬಹುದು.

ಮಕ್ಕಳೇ, ಒಂದು ಕಹಿ ಮಾತನ್ನೂ ಹೇಳಬೇಕು. ಇದನ್ನು ಓದಿದರೆ ಡಾಕ್ಟರ್ ಆಗುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ತಾನೇ ಔಷಧ ಬರೆಯುತ್ತಾರೆ. ನಮ್ಮಲ್ಲಿ ಆಸ್ಪತ್ರೆಯ ಲಿಖಿತ ನಿಯಮದೊಳಗೆ ಕೆಲಸ ಮಾಡಬೇಕು, ಆ ಹೆಸರಿನ ಹುದ್ದೆ ಎಲ್ಲ ಆಸ್ಪತ್ರೆಗಳಲ್ಲಿ ಇಲ್ಲ. 1947ರ ಕಾಯ್ದೆಯ ಜಾಗದಲ್ಲಿ 2023ರಲ್ಲಿ ಹೊಸ ನರ್ಸಿಂಗ್ ಆಯೋಗದ ಕಾಯ್ದೆ ಬಂದಿದೆ. ಆದರೆ ಮೇಲೆ ಬಿಟ್ಟ ನೀರು ಮಾನ್ವಿ, ರಾಯಚೂರಿನ ಕೊನೆಭಾಗಕ್ಕೆ ಯಾವಾಗ ಮುಟ್ಟುತ್ತದೆ ಎಂದು ಇಲ್ಲಿ ಕುಳಿತ ರೈತರಿಗೆ ನಾನು ಹೇಳಬೇಕಾಗಿಲ್ಲ. ಇದನ್ನೇ ಸೊಸೆಗೂ ಹೇಳಿದ್ದೆ. “ನೀರು ಬರಲಿಲ್ಲಂತ ಹೊಲ ಹಸನ ಮಾಡೋದು ಬಿಡ್ತಾರೇನ್ರಿ ಮಾವ?” ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಆಕೆ ಹೋಗಿ ಆರು ವಾರವಾಯಿತು. ಮೊನ್ನೆ ಫೋನಿನಲ್ಲಿ, ಪಂಪಿನ ಲೆಕ್ಕದಲ್ಲಿ ತರಗತಿಗೆ ತಾನೇ ಮೊದಲು ಅಂದಳು. ಜೊತೆಗೆ, ಓದಿದ್ದು ಏನೂ ಸಾಲುತ್ತಿಲ್ಲ ಎಂದೂ ಅಂದಳು. ಅತ್ತಳೇನೋ, ತಿಳಿಯಲಿಲ್ಲ. ಫೋನು ಅತ್ತೆಯ ಕೈಗೆ ಹೋಯಿತು.

ಈಗ ನನ್ನ ರಾತ್ರಿಗಳು ಖಾಲಿ ಇವೆ. ನರ್ಸಿಂಗ್ ಓದುವ ಮಕ್ಕಳು, ಕೆಲಸದಲ್ಲಿರುವ ಸಿಸ್ಟರುಗಳು ಯಾರಾದರೂ ಲೆಕ್ಕ ಕಲಿಯಬೇಕೆಂದರೆ ಊಟ ಆದ ಮೇಲೆ ನಮ್ಮ ಮನೆಗೆ ಬರಬಹುದು, ಜೊತೆಗೆ ತಾಯಿಯೋ ಅತ್ತೆಯೋ ಬಂದರೆ ಇನ್ನೂ ಒಳ್ಳೆಯದು. ಸೊಸೆ ಬಿಟ್ಟುಹೋದ ಹಳೆಯ ಸ್ಟೆತಸ್ಕೋಪ್ ಇದೆ, ಕೇಳಲು ನನ್ನ ಎದೆಯಿದೆ. ಚಹಾ ಇರುತ್ತದೆ. ಕ್ಯಾಲ್ಕ್ಯುಲೇಟರ್ ಮಾತ್ರ ತರಬೇಡಿ.