ಉಪ್ಪುನೀರಿನ ಸಿಗಡಿ



ಉಪ್ಪೇರಿದ ನೆಲದಲ್ಲಿ ಹುಲ್ಲೂ ಹುಟ್ಟೋದಿಲ್ಲ ಅಂತ ನಾವು ಹೇಳುವುದುಂಟು. ಆದರೆ ಸಮುದ್ರಕ್ಕಿಂತ ಎರಡು ಮೂರು ಪಟ್ಟು ಉಪ್ಪಾದ ನೀರಿನಲ್ಲೇ ಸುಖವಾಗಿ ಬಾಳುವ ಒಂದು ಜೀವಿಯಿದೆ. ಆರ್ಟೀಮಿಯ ಅಂತ ಅದರ ಹೆಸರು. ನಾವು ಉಪ್ಪುನೀರಿನ ಸಿಗಡಿ ಅನ್ನೋಣ. ಸಾರಿಗೆ ಹಾಕುವ ಸಿಗಡಿಗೆ ಇದು ದೂರದ ನೆಂಟ, ಅಷ್ಟೆ.

ಬೆಳೆದಾಗ ಉದ್ದ ಸುಮಾರು ಒಂದು ಸೆಂಟಿಮೀಟರು. ಕಾಲು ಹನ್ನೊಂದು ಜೊತೆ. ಅಂಗಾತ ಈಜುತ್ತದೆ! ಕಾಲು ಬಡಿಯುತ್ತಲೇ ನೀರಿನ ಸಣ್ಣ ಪಾಚಿಯನ್ನು ಸೋಸಿ ತಿನ್ನುತ್ತದೆ. ಪಾಪ, ಕಚ್ಚಲಾರದು, ಓಡಿ ತಪ್ಪಿಸಿಕೊಳ್ಳಲಾರದು. ಮೀನಿಗೆ ಸುಲಭದ ತುತ್ತು. ಆದ್ದರಿಂದ ಉಪ್ಪೇ ಅದಕ್ಕೆ ಬೇಲಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದು 80 ದಾಟಿತೋ, ಮೀನಿನ ಕಾಟ ಹೆಚ್ಚುಕಡಿಮೆ ತಪ್ಪಿತು. ಹಕ್ಕಿಗಳು ಮಾತ್ರ ಬಿಡುವುದಿಲ್ಲ.

ಕಾಲ ಚೆನ್ನಾಗಿದ್ದರೆ ಇದು ಮರಿಯನ್ನೇ ಹಾಕುತ್ತದೆ. ಉಪ್ಪು ಮಿತಿಮೀರಿ ಬದುಕು ಕಷ್ಟವಾದಾಗ ಗಟ್ಟಿ ಸಿಪ್ಪೆಯ ಮೊಟ್ಟೆ ಬಿಡುತ್ತದೆ. ಒಣಗಿಸಿ ಜೋಪಾನ ಮಾಡಿದರೆ, ಹಗೇವಿನ ರಾಗಿಯ ಹಾಗೆ, ಆ ಮೊಟ್ಟೆ ವರ್ಷಗಟ್ಟಲೆ ಇದ್ದೀತು. ಒಂದು ಗ್ರಾಮಿಗೆ ಎರಡು ಲಕ್ಷಕ್ಕೂ ಮೇಲೆ! ಬೆಚ್ಚಗಿನ ಸಮುದ್ರದ ನೀರಿಗೆ ಹಾಕಿ ಗಾಳಿ, ಬೆಳಕು ಕೊಟ್ಟರೆ ಒಂದು, ಒಂದೂವರೆ ದಿನಕ್ಕೆ ಮರಿ ಹೊರಡುತ್ತದೆ. ಕಡಲ ಸಿಗಡಿಯ ಮರಿ ಬೆಳೆಸುವವರು, ನಮ್ಮ ದೇಶದವರೂ ಸೇರಿ, ಎಳೇ ಮರಿಗಳಿಗೆ ಇದನ್ನೇ ತಿನ್ನಿಸುತ್ತಾರೆ. ಆದ್ದರಿಂದ ಮೊಟ್ಟೆಗೆ ಒಳ್ಳೇ ಬೆಲೆ.

ವಿಯೆಟ್ನಾಮಿನ ವಿನ್ ಚಾವ್ ಕಡಲ ತೀರದಲ್ಲಿ ಉಪ್ಪು ತೆಗೆಯುವ ರೈತರಿದ್ದಾರೆ. ಬರಿಯ ಉಪ್ಪಿನಿಂದ ಹೊಟ್ಟೆ ತುಂಬುವುದು ಕಷ್ಟ. 1980ರ ದಶಕದಲ್ಲಿ ಕಾನ್ ಥೋ ವಿಶ್ವವಿದ್ಯಾಲಯದವರು ಅಮೆರಿಕದ ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ತಳಿಯನ್ನು ಅಲ್ಲಿ ಬೆಳೆಸಿ ತೋರಿಸಿದರು. ಈಗ ಅದು ಅಲ್ಲಿನ ಬೇಸಗೆ ಬೆಳೆ. ಕೋಳಿಗೊಬ್ಬರ ಹಾಕಿ ಪಾಚಿ ಬೆಳೆಸುತ್ತಾರೆ, ಅದರ ಹಸಿರು ನೀರನ್ನು ಉಪ್ಪಿನ ಹೊಂಡಕ್ಕೆ ಬಿಟ್ಟು ಮರಿ ಸಾಕುತ್ತಾರೆ. ಎರಡು ಮೂರು ವಾರದಲ್ಲಿ ಮೊಟ್ಟೆ ತೇಲತೊಡಗುತ್ತದೆ.

ಅಕಾಲದಲ್ಲಿ ಮಳೆ ಬಿತ್ತೋ, ಕೆಟ್ಟಿತು. ಸಿಹಿನೀರು ಮೇಲೆ ನಿಲ್ಲುತ್ತದೆ, ತೇಲುವ ಮೊಟ್ಟೆ ಅಲ್ಲೇ ಒಡೆದು ಮರಿಯಾಗಿಬಿಡುತ್ತದೆ, ಕೊಯಿಲು ಕೈತಪ್ಪಿತು. ಹೀಗಾಗಿ ದಿನಾ ಬಲೆ ಹಿಡಿದು ಹೋಗಲೇಬೇಕು. ಗಾಳಿ ಮೊಟ್ಟೆಯನ್ನೆಲ್ಲ ಒಂದು ಮೂಲೆಗೆ ದೂಡಿರುತ್ತದೆ. ಗಾಳಿ ತಿರುಗಿದ ದಿನ ಅವರೂ ಇನ್ನೊಂದು ಮೂಲೆಗೆ ನಡೆಯುತ್ತಾರೆ.