ಹದಿನಾಲ್ಕು ಸಾವಿರ ಕಿಲೋಮೀಟರ್

(ಕೂಟದ ಮಾಸಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಭಾಷಣಕ್ಕೆ ಕರೆದರೆ ವಿಷಯ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಎಂದು ಸಭಿಕರು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಇಂದು ನಾವು ಆರಿಸಿಕೊಂಡಿರುವುದು ಸ್ಯಾನ್ ಫ್ರಾನ್ಸಿಸ್ಕೋಗೂ ಬೆಂಗಳೂರಿಗೂ ನಡುವಣ ದೂರವನ್ನು.

ಭೂಗೋಳವನ್ನು ತಿರುಗಿಸಿ ನೋಡಿದರೆ ಈ ಎರಡು ಊರುಗಳಿಗೆ ಅತ್ಯಂತ ಹತ್ತಿರದ ದಾರಿ ಪೂರ್ವಕ್ಕೂ ಇಲ್ಲ, ಪಶ್ಚಿಮಕ್ಕೂ ಇಲ್ಲ; ಅದು ಉತ್ತರ ಧ್ರುವದ ಸಮೀಪ ಹಾದುಹೋಗುತ್ತದೆ. ಹಾಗೆ ಅಳೆದರೆ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ತಂಡ ಈ ಮಾರ್ಗದಲ್ಲಿ ಸುಮಾರು 17 ಗಂಟೆಗಳಲ್ಲಿ ಬೆಂಗಳೂರಿಗೆ ಮುಟ್ಟಿಸಿತು.

ದೇಹದ ಲೆಕ್ಕ ಬೇರೆ. ಎರಡು ಊರುಗಳ ಗಡಿಯಾರಗಳಿಗೆ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆಗಳ ಅಂತರ. ನಮ್ಮೊಳಗಿನ ಗಡಿಯಾರವಾದರೋ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ. (ಇಳಿದ ಮರುದಿನವೇ ಆಸ್ತಿಪತ್ರಗಳಿಗೆ ರುಜು ಹಾಕಬೇಡಿರಿ!) ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಹೊತ್ತಿನ ಲೆಕ್ಕವನ್ನು ಹೊರಡುವ ಮೊದಲೇ ತಮ್ಮ ವೈದ್ಯರಿಂದ ಬರೆಸಿಕೊಳ್ಳಲಿ, ಔಷಧವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ.

ಆದರೆ ನಮಗೆ ದೂರವೆಂದರೇನೆಂದು ತಿಳಿದದ್ದು 1998ರಲ್ಲಿ, ರೆಸಿಡೆನ್ಸಿಯ ದಿನಗಳಲ್ಲಿ. ತೀರ್ಥಹಳ್ಳಿಯಿಂದ ತಮ್ಮ ಫೋನ್ ಮಾಡಿ, "ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ಗಾಬರಿಯಾಗಬೇಡಿ" ಎಂದ. ರೋಗಿಗಳ ಬಂಧುಗಳನ್ನು ದಿನವೂ ಗದರಿಸಿ ನಿಜ ಹೊರಡಿಸುತ್ತಿದ್ದ ನಾವು ತಮ್ಮನ ಮಾತನ್ನು ಹಾಗೆಯೇ ನಂಬಿದೆವು. ಮೂರನೆಯ ದಿನ, "ಹೊರಟು ಬನ್ನಿ" ಎಂದ. ತಂದೆಯವರಿಗೆ ಬಡಿದದ್ದು ಪಾರ್ಶ್ವವಾಯು. ಫ್ರಾಂಕ್‌ಫರ್ಟ್, ಮುಂಬಯಿ, ಬೆಂಗಳೂರು, ಅಲ್ಲಿಂದ ರಾತ್ರಿ ಬಸ್ಸು. ಮನೆ ತಲುಪಿದಾಗ ತಮ್ಮ ತಲೆ ಬೋಳಿಸಿಕೊಂಡು ಅಂಗಳದಲ್ಲಿ ನಿಂತಿದ್ದ.

ಆಮೇಲೆ ಲೆಕ್ಕ ಹಾಕಿದೆವು. ಎರಡನೆಯ ಫೋನಿನಿಂದ ಹೊಸ್ತಿಲವರೆಗೆ ಐವತ್ತೊಂದು ಗಂಟೆ. ಅದರಲ್ಲಿ ವಿಮಾನ ಆಕಾಶದಲ್ಲಿದ್ದದ್ದು ಇಪ್ಪತ್ತೊಂದು ಗಂಟೆಯೂ ಇಲ್ಲ. ಉಳಿದದ್ದು ಟಿಕೆಟ್ಟು, ಕಾಯುವಿಕೆ, ರಸ್ತೆ. ಇದಕ್ಕೆ ಮೊದಲೇ ಎರಡು ದಿನ "ಗಾಬರಿಯಾಗಬೇಡಿ" ಎಂಬ ಮಾತಿನಲ್ಲಿ ಕಳೆದುಹೋಗಿದ್ದವು. ತಮ್ಮನ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಕೆಲಸಕ್ಕೆ ತೊಂದರೆಯಾದೀತೆಂದು ಅವನು ಅಂಜಿದ್ದ. ನಮ್ಮ ಊರಿನ ದೂರ ಎಷ್ಟು ಗಂಟೆಯದೆಂದು ನಾವೂ ಅವನಿಗೆ ಹೇಳಿರಲಿಲ್ಲ.

ಆದುದರಿಂದ, ಬಂಧುಗಳೇ, ನಿಮ್ಮ ನಿಮ್ಮ ಮನೆಯವರಿಗೆ ಈ ಲೆಕ್ಕವನ್ನು ಇಂದೇ ಹೇಳಿಬಿಡಿ. ಕಾದು ನೋಡುವುದಿದ್ದರೆ ನಾವು ದಾರಿಯಲ್ಲೇ ಕಾಯುತ್ತೇವೆ ಎನ್ನಿ. ಫೋನ್ ಬಂದಾಗ "ಹೇಗಿದ್ದಾರೆ" ಎನ್ನಬೇಡಿ. ಎಚ್ಚರವಿದೆಯೇ, ಮಾತು ತೊದಲುತ್ತಿದೆಯೇ, ಕೈಕಾಲು ಎರಡೂ ಕಡೆ ಆಡುತ್ತಿವೆಯೇ, ನುಂಗಲು ಆಗುತ್ತಿದೆಯೇ ಎಂದು ಒಂದೊಂದಾಗಿ ಕೇಳಿ. ನೋಡುತ್ತಿರುವ ವೈದ್ಯರೊಡನೆ ನೀವೇ ಮಾತನಾಡಿ. ಪಾಸ್‌ಪೋರ್ಟಿನ ಅವಧಿಯನ್ನು ಆ ರಾತ್ರಿ ನೋಡುವಂತಾಗಬಾರದು.

ನಮ್ಮ ತಾಯಿಯವರಿಗೆ ಈಗ ಎಂಬತ್ತೈದು ದಾಟಿದೆ. ಊರಿನ ಮನೆಯಲ್ಲಿ ಕ್ಯಾಲೆಂಡರಿನ ಪಕ್ಕಕ್ಕೆ ತಮ್ಮ "50 ಗಂಟೆ" ಎಂದು ಬರೆದ ಚೀಟಿ ಅಂಟಿಸಿದ್ದಾನೆ. ಕಳೆದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂದು ಮಾತು ತಡವರಿಸಿದಾಗ ಮೊದಲ ರಾತ್ರಿಯೇ ಫೋನ್ ಬಂತು. ನಾವು ಹೊರಟೆವು. ತಲುಪಿದಾಗ ತಾಯಿಯವರು ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಇಷ್ಟಕ್ಕೆಲ್ಲ ಅಷ್ಟು ದೂರದಿಂದ ಬರುವುದೇನಿತ್ತು?" ಎಂದು ನಮ್ಮಿಬ್ಬರನ್ನೂ ಗದರಿದರು.