ಕೂಸಿನ ಕಣ್ಣು ತಪ್ಪಿಸಿ ಹೋದಾಗ



ಆಂಧ್ರದ ಗಡಿಯಲ್ಲಿ ಕನ್ನಡವಾಡುವ ನಮ್ಮ ಸೀಮೆಯ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆ ನಂಬಿ ಶೇಂಗಾ ಬಿತ್ತುವ ಕಲ್ಯಾಣದುರ್ಗದ ಕಡೆ ಮಳೆ ಕೈಕೊಟ್ಟ ವರ್ಷ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಹಿಂದೂಪುರದ ಸುತ್ತ ಬೆಳಗಿನ ಬಸ್ಸಿಗೆ ಗಾರ್ಮೆಂಟ್ಸಿಗೆ ಹೊರಟ ತಾಯಿ ಮನೆ ಸೇರುವಾಗ ದೀಪ ಹಚ್ಚಿರುತ್ತಾರೆ. ಎರಡೂ ಕಡೆ ಕೂಸು ಉಳಿಯುವುದು ಅಜ್ಜಿಯ ಹತ್ತಿರ. ಇದನ್ನು ಕಂಡು ಪೇಟೆಯ ಕಲಿತವರು, ತಾಯಿ ಹತ್ತಿರವಿಲ್ಲದ ಮಗು ಏನಾದೀತು ಎಂದು ಮರುಗುತ್ತಾರೆ. ಆ ಮರುಕದಲ್ಲಿ ಅರ್ಧ ಮಾತ್ರ ನಿಜವಿದೆ. ಉಳಿದರ್ಧ ನಮ್ಮ ಹೆಣ್ಣುಮಕ್ಕಳ ಮೇಲೆ ಸುಮ್ಮನೆ ಹೊರಿಸಿದ ಅಪವಾದ.

ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿ ಬರೆದುಕೊಟ್ಟರು. ಮಹಾಯುದ್ಧದಲ್ಲಿ ಮನೆಮಠ ಕಳೆದುಕೊಂಡ ಮಕ್ಕಳು ಆಗ ಎಲ್ಲರ ಕಣ್ಣೆದುರಿಗಿದ್ದರು. ಅನ್ನ, ಬಟ್ಟೆ, ಸೂರು ಎಲ್ಲ ಇದ್ದರೂ, ತನ್ನವರು ಅನ್ನುವ ಒಂದು ಜೀವ ಇಲ್ಲದಿದ್ದರೆ ಮಗು ಸೊರಗುತ್ತದೆ ಎಂಬುದು ವರದಿಯ ತಿರುಳು. ತಾಯಿ, ಇಲ್ಲವೇ ತಾಯಿಯ ಜಾಗದಲ್ಲಿ ನಿಂತು ಬಿಡದೆ ನೋಡಿಕೊಳ್ಳುವವರು ಎಂದೇ ಅವರು ಬರೆದಿದ್ದರು. ಓದಿದವರು ಮೊದಲನೆಯದನ್ನು ಹಿಡಿದುಕೊಂಡರು, ಎರಡನೆಯದನ್ನು ಬಿಟ್ಟರು. ನಮ್ಮ ಅಜ್ಜಿಯರು ಬಿಟ್ಟುಹೋದದ್ದು ಅಲ್ಲಿ.

ಬೌಲ್ಬಿಯವರ ಜೊತೆ ಕೆಲಸ ಮಾಡಿದ ಮೇರಿ ಏನ್ಸ್‌ವರ್ತ್ 1954ರಲ್ಲಿ ಉಗಾಂಡಕ್ಕೆ ಹೋದರು. ಎದೆಹಾಲು ಬಿಡಿಸಲು ಮಗುವನ್ನು ಕೆಲವು ದಿನ ನೆಂಟರ ಮನೆಗೆ ಕಳಿಸುವ ರೂಢಿ ಅಲ್ಲಿತ್ತು. ನಮ್ಮಲ್ಲೂ ಎದೆಗೆ ಬೇವಿನ ರಸ ಹಚ್ಚಿದರೂ ಕೂಸು ಹಾಲು ಬಿಡದಿದ್ದರೆ ಅಜ್ಜಿ ಊರಿಗೆ ಕಳಿಸುವುದುಂಟಲ್ಲ, ಹಾಗೆಯೇ. ಆ ಅಗಲಿಕೆ ಮಗುವಿಗೆ ಏನು ಮಾಡುತ್ತದೆ ಎಂದು ನೋಡಲು ಹೋದವರಿಗೆ ಆ ರೂಢಿಯೇ ಆಗಲೇ ಕಡಿಮೆಯಾಗಿದ್ದುದು ಕಂಡಿತು. ಹಾಗಾಗಿ ಕಂಪಾಲದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಕೂಸುಗಳು ಯಾರ ಹಿಂದೆ ತೆವಳುತ್ತವೆ, ಯಾರು ಎತ್ತಿಕೊಂಡರೆ ಸುಮ್ಮನಾಗುತ್ತವೆ ಎಂದು ತಿಂಗಳುಗಟ್ಟಲೆ ಕೂತು ನೋಡಿದರು. ಅವರಿಗೆ ಕಂಡದ್ದಿಷ್ಟು: ನೆಲೆ ಸಿಕ್ಕಿದ ಮಗುವಿಗೆ ಧೈರ್ಯ ಜಾಸ್ತಿ. ಮಡಿಲಿನಿಂದ ಇಳಿದು ಅಂಗಳ ಸುತ್ತಿ, ಹೆದರಿಕೆಯಾದರೆ ಓಡಿ ಬಂದು ಸೆರಗು ಹಿಡಿದು, ಮತ್ತೆ ಹೋಗುತ್ತದೆ. ಮುಂದೆ ಶಾಲೆಯಲ್ಲಿ ಹೊಸ ಪಾಠಕ್ಕೆ, ಹೊಸ ಗೆಳೆಯರಿಗೆ ಹೆದರದಿರುವುದಕ್ಕೆ ಈ ಹೋಗಿ ಬರುವ ಆಟವೇ ಬುನಾದಿ.

ಈಗ ನಮ್ಮೂರಿನ ಬಸ್‌ಸ್ಟಾಂಡಿಗೆ ಬನ್ನಿ. ಬೆಂಗಳೂರಿನ ಬಸ್ಸು ಹೊರಡುವ ಹೊತ್ತು. ತಲೆ ಮೇಲೆ ಗಂಟು, ಕೈಯಲ್ಲಿ ಪಾತ್ರೆ ತುಂಬಿದ ಚೀಲ. ಅಜ್ಜಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಗೂಡಂಗಡಿ ಕಡೆ ತಿರುಗಿಸುತ್ತಾಳೆ: "ಅಗೋ ನೋಡು, ಕೋತಿ! ಬಿಸ್ಕೆಟ್ ಬೇಕಾ?" ಆ ಗಳಿಗೆಯಲ್ಲಿ ತಾಯಿ ಬಸ್ಸು ಹತ್ತಿ ಮುಖ ಮುಚ್ಚಿಕೊಳ್ಳುತ್ತಾಳೆ. ಕೂಸು ತಿರುಗಿ ನೋಡಿದರೆ ಅಮ್ಮ ಇಲ್ಲ. ಅದು ಅತ್ತರೆ ತಡೆಯಲಾರೆವು ಎಂಬ ಪ್ರೀತಿಯಿಂದಲೇ ಎಲ್ಲರೂ ಹೀಗೆ ಮಾಡುತ್ತಾರೆ. ಆದರೆ ಮಗು ಕಲಿಯುವುದು ಬೇರೆಯೇ ಪಾಠ: ಕಣ್ಣು ಆಚೆ ಹೊರಳಿಸಿದರೆ ಇದ್ದವರು ಮಾಯವಾಗುತ್ತಾರೆ. ಮರುದಿನದಿಂದ ಅಜ್ಜಿ ನೀರಿಗೆ ಹೋದರೂ ಅದು ಬಿಡುವುದಿಲ್ಲ. ಆಗ ಹಟಮಾರಿ ಅನ್ನುತ್ತೇವೆ.

ಆಮೇಲಿನದು ಇನ್ನೂ ಸೂಕ್ಷ್ಮ. ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆಯಲ್ಲಿ ಒಂಟಿಯಾಗಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಬಗ್ಗೆ 1952ರಲ್ಲಿ ಚಿತ್ರ ಮಾಡಿ ತೋರಿಸಿದರು. ಇಂಥ ಮಕ್ಕಳು ಮೊದಲು ರಂಪ ಮಾಡುತ್ತಾರೆ, ಆಮೇಲೆ ಮಂಕಾಗುತ್ತಾರೆ, ಕೊನೆಗೆ ಹೊಂದಿಕೊಂಡಂತೆ ಕಾಣುತ್ತಾರೆ ಎಂದರು. ಮೂರನೆಯದನ್ನೇ ನಾವು 'ಪರವಾಗಿಲ್ಲ, ಮರೆತಿದೆ' ಅನ್ನುವುದು. ಯುಗಾದಿಗೆ ತಾಯಿ ಹೊಸ ಬಟ್ಟೆ ತಂದು ಕೈ ಚಾಚಿದರೆ ಮಗು ಅಜ್ಜಿಯ ಸೀರೆ ಹಿಂದೆ ಅಡಗುತ್ತದೆ. "ನನ್ನ ಗುರುತೇ ಇಲ್ಲ ಅದಕ್ಕೆ" ಎಂದು ತಾಯಿ ಅಳುತ್ತಾಳೆ. ಗುರುತಿದೆ, ತಾಯಿ. ಹೀಗೆ ಮುಖ ತಿರುಗಿಸುವ ಮಕ್ಕಳ ಎದೆಬಡಿತವನ್ನು 1970ರ ದಶಕದಲ್ಲಿ ಅಳೆದು ನೋಡಿದ್ದಾರೆ. ಮುಖ ಶಾಂತವಾಗಿದ್ದಾಗಲೂ ಎದೆ ಜೋರಾಗಿ ಬಡಿಯುತ್ತಿತ್ತು. ನೀನು ಎತ್ತಿಕೊಳ್ಳಲು ಆತುರಪಡಬೇಡ. ನೆಲಕ್ಕೆ ಕೂತು ಅಜ್ಜಿಯ ಜೊತೆ ಮಾತಾಡುತ್ತಿರು, ಕೂಸು ತಾನೇ ಹತ್ತಿರ ಬರಲಿ. ಅದು ಸಿಟ್ಟು ತೋರಿಸಿದರೆ ತೋರಿಸಲಿ, ಸಿಟ್ಟು ಮಾಡಿಕೊಳ್ಳುವುದೂ ನಿನ್ನ ಮೇಲಿನ ಹಕ್ಕಿನಿಂದ.

ಹೊರಡುವಾಗ ಹೇಳಿ ಹೋಗಿ. ಮಾತು ಬಾರದ ಕೂಸಿಗೂ ಹೇಳಿ: "ಅಮ್ಮ ಕೆಲಸಕ್ಕೆ ಹೋಗಿ ಬರ್ತಾಳೆ, ಅಜ್ಜಿ ಇರ್ತಾಳೆ." ಅದು ಅಳುತ್ತದೆ, ಅಳಲಿ. ಅಳುವಾಗ ಎತ್ತಿಕೊಳ್ಳುವ ಅಜ್ಜಿ ಅಲ್ಲಿದ್ದಾಳೆ, ಮುಖ್ಯ ಅದು. ಅಜ್ಜಿಯಿಂದ ಅತ್ತೆಗೆ, ಅತ್ತೆಯಿಂದ ಪಕ್ಕದ ಮನೆಗೆ ಎಂದು ಕೈ ಬದಲಾಗುತ್ತಾ ಹೋಗುವುದೇ ನಿಜವಾದ ಅಪಾಯ. ರುಮೇನಿಯದ ಅನಾಥಾಲಯಗಳಲ್ಲಿ ಸರದಿಯ ಮೇಲೆ ಬದಲಾಗುವ ದಾದಿಯರ ಕೈಯಲ್ಲಿದ್ದ 136 ಮಕ್ಕಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ಗಮನಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕು ಮನೆಗಳಿಗೆ ಕಳಿಸಿದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಸೇರಿದ ಮನೆ ಹೆತ್ತವರದಲ್ಲ ಎಂಬುದನ್ನು ಗಮನಿಸಿ.

ಅಜ್ಜಿಯೂ ಇಲ್ಲದ ಮನೆಗಳಿವೆ. ಅಲ್ಲಿ ಬರೀ ಬುದ್ಧಿಮಾತು ಸಾಲದು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಕೂಸುಗಳಿಗೆ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದರು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬಾಕೆಯನ್ನು ಕೂಲಿ ಕೊಟ್ಟು ನೇಮಿಸಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆ ಹೇಳಿತು. ಗಡಿಯಾಚೆ ಕರ್ನಾಟಕ 2023ರಲ್ಲಿ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯಲು ಹೊರಟಿತು. ನಮ್ಮ ಊರುಗಳಲ್ಲೂ ಅಂಥದ್ದು ಬೇಕು. ಅಲ್ಲಿ ದಿನವೂ ಅದೇ ಆಯಾ ಇರಬೇಕು. ಮನೆಯಲ್ಲಿ ಕನ್ನಡವಾಡುವ ಕೂಸಿಗೆ "ಅಳಬೇಡ ಕಂದ" ಎಂದು ಕನ್ನಡದಲ್ಲೇ ಹೇಳುವವಳಾಗಿರಬೇಕು. ಅಂಗನವಾಡಿಯ ಬಾಗಿಲು ಮುಚ್ಚುವ ಹೊತ್ತಿಗೂ ಗಾರ್ಮೆಂಟ್ಸಿನ ಗಂಟೆ ಹೊಡೆಯುವ ಹೊತ್ತಿಗೂ ನಡುವಿನ ಆ ಗಂಟೆಗಳಲ್ಲಿ ಕೂಸು ಯಾರ ಮಡಿಲಲ್ಲಿರಬೇಕು ಎಂದು ಪಂಚಾಯಿತಿಯನ್ನೂ ಕಾರ್ಖಾನೆಯನ್ನೂ ಕೇಳೋಣ. ನಾವೆಲ್ಲ ಸೇರಿ ಅರ್ಜಿ ಬರೆಯುವುದಾದರೆ ಮೊದಲ ಸಹಿ ನಾನು ಹಾಕುತ್ತೇನೆ.